ಕಲ್ಲಿನ ಕಟ್ಟಡದ ತಂಪು

ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಜೆ.ಪಿ. ನಗರದ ಮಗ್ಗುಲಲ್ಲಿ ಹಾದುಹೋಗುವ ಬನ್ನೇರುಘಟ್ಟ ರಸ್ತೆಯ ಬದಿಗೆ ಐ.ಐ.ಎಂ. ಎಂಬ ವಿದ್ಯಾಸಂಸ್ಥೆಯಿದೆ. 1970ರ ದಶಕದಲ್ಲಿ ಅದರ ವಿನ್ಯಾಸಕ್ಕೆ ಕೈಹಾಕಿದ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿಯವರು ಫತೇಪುರ್ ಸಿಕ್ರಿಯ ಅಂಗಳಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಈ ನೆಲದ ಒರಟು ಗ್ರಾನೈಟ್ ಕಲ್ಲಿನಿಂದ ಗೋಡೆಗಳನ್ನು ಎಬ್ಬಿಸಿದರು. ಉದ್ದನೆಯ ಮೊಗಸಾಲೆಗಳಿಗೆ ಅಲ್ಲಲ್ಲಿ ಚಾವಣಿಯೇ ಇಲ್ಲ. ತೊಲೆಗಳ ನಡುವೆ ಬಳ್ಳಿಗಳು ಹಬ್ಬಿವೆ. ಬಿಸಿಲು ಎಲೆಗಳಲ್ಲಿ ಸೋಸಿ ಇಳಿಯುತ್ತದೆ, ಗಾಳಿ ತಡೆಯಿಲ್ಲದೆ ಸುಳಿಯುತ್ತದೆ. ಹಳೆಯ ತೊಟ್ಟಿಮನೆಗಳ ಜಾಣ್ಮೆಯೂ ಇದೇ ಅಲ್ಲವೆ?

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಊರಿಗೆ ತಂಪು ಪುಕ್ಕಟೆಯಾಗಿ ದೊರೆತಿದೆ. ಆದರೂ ನಗರದ ಎಷ್ಟೋ ವಾಣಿಜ್ಯ ಕಟ್ಟಡಗಳು ಮೈತುಂಬ ಗಾಜು ಹೊದ್ದು, ಒಳನುಗ್ಗಿದ ಕಾವನ್ನು ಹೊರದೂಡಲು ದಿನವಿಡೀ ವಿದ್ಯುತ್ತನ್ನು ವ್ಯಯಿಸುತ್ತವೆ. ಬೆಳಕಿಗೆಂದು ಇಟ್ಟ ಆ ಗಾಜಿಗೆ ಪರದೆ ಎಳೆದು, ಮಟಮಟ ಮಧ್ಯಾಹ್ನ ಒಳಗೆ ದೀಪ ಉರಿಸುತ್ತಾರೆ.