ಅಂಕಿತವಿಲ್ಲದ ಕೌದಿ

ಬ್ಯಾಡಗಿ ತಾಲ್ಲೂಕಿನ ಕದರಮಂಡಲಗಿ ಕಾಂತೇಶನ ಕ್ಷೇತ್ರ. ಕನಕದಾಸರು ಮೋಹನತರಂಗಿಣಿಯನ್ನು ಇಲ್ಲಿಯೇ ರಚಿಸಿದರೆಂಬುದು ಪ್ರತೀತಿ. ಅವರ ಕೀರ್ತನೆಗಳಿಗೆ ಕಾಗಿನೆಲೆಯಾದಿಕೇಶವನ ಅಂಕಿತವಿದೆ. ಇದೇ ಸೀಮೆಯ ಹೆಣ್ಣುಮಕ್ಕಳು ಹೊಲಿಯುವ ಕೌದಿಗೆ ಅಂಕಿತವಿಲ್ಲ.

ಹೊಸ್ತಿಲ ಮುಂದೆ ರಂಗೋಲಿಯ ಚುಕ್ಕಿಯಿಡುತ್ತ ಮನೆಯ ಅಲಂಕಾರದಲ್ಲಿ ಕೈಪಳಗಿದ ಬಾಲೆ, ಮುಂದೆ ಹಳೆಯ ಸೀರೆ, ಧೋತರಗಳನ್ನು ಪದರವಾಗಿ ಹಾಸಿ ಹೊಲಿಯಲು ಕೂರುತ್ತಾಳೆ. ಮೊದಲ ಕೌದಿಯಲ್ಲಿ ಹಿರಿಯಳ ಹೊಲಿಗೆಯ ಅನುಕರಣೆ. ವರುಷಗಳು ಕಳೆದಂತೆ ಯಾವ ಬಣ್ಣದ ತುಂಡಿನ ಪಕ್ಕ ಯಾವುದು ಬರಬೇಕೆಂಬ ನಿರ್ಣಯ ಅವಳದೇ ಆಗುತ್ತದೆ. ಕವಿಯ ಬೆಳವಣಿಗೆಯನ್ನು ಕೃತಿಗಳ ಅನುಕ್ರಮದಲ್ಲಿ ಗುರುತಿಸುವಂತೆ ಇವಳ ಬೆಳವಣಿಗೆಯನ್ನು ಕೌದಿಗಳಲ್ಲಿ ಗುರುತಿಸಬಹುದು. ಆದರೆ ಕೌದಿ ಹಸ್ತಪ್ರತಿಯಂತೆ ಕಟ್ಟಿಡುವ ವಸ್ತುವಲ್ಲ. ಹೊದ್ದು, ಹಾಸಿ, ಸವೆದುಹೋಗುತ್ತದೆ. ಅದಕ್ಕೆ ಮುನ್ನ ಸಂಶೋಧಕರು ಹೊಲಿದವಳ ಹೆಸರನ್ನಾದರೂ ಕೇಳಿ ಬರೆದಿಡಬೇಕು.