ಎರಡನೆಯ ತೂತು

ಪದ್ಮಿನಿ ಮನೆಗೆ ಬಂದ ದಿನ ಗಾಲಿಗಳಡಿ ನಿಂಬೆಹಣ್ಣಿಟ್ಟು ಪೂಜೆ ಮಾಡಿದ್ದಾಯಿತು. ನಿಂಬೆಹಣ್ಣು ದಾಟಿದ ಗಾಡಿ ಬೀದಿಯ ತಿರುವು ದಾಟಲಿಲ್ಲ. ಕಪ್ಪು ಹೊಗೆ ಬಿಟ್ಟು, ಎರಡು ಸಲ ಕೆಮ್ಮಿ, ಎದುರು ಮನೆಯ ಗೇಟಿಗೆ ಅಡ್ಡವಾಗಿ ನಿಂತಿತು.

ನನಗೆ ಒಳಗೊಳಗೇ ಖುಷಿ. ಮನೆಯಲ್ಲಿ ಹೇಳಿಕೊಳ್ಳುವಂತಿರಲಿಲ್ಲ, ಅಷ್ಟೆ. ಆರು ವರ್ಷ ಶೆಡ್ಡಿನಲ್ಲಿ ಕೋಳಿಗಳಿಗೆ ಆಸರೆಯಾಗಿದ್ದ 1978ರ ಗಾಡಿಯನ್ನು ತಂದದ್ದೇ ಬಾನೆಟ್ ಎತ್ತಿ ತಲೆ ತೂರಿಸುವ ಸುಖಕ್ಕೆ. 1964ರಲ್ಲಿ ಮುಂಬೈನ ಕುರ್ಲಾದಿಂದ ಫಿಯಟ್ 1100 ಡಿಲೈಟ್ ಎಂದು ಹೊರಬಂದದ್ದು ಇದೇ ಕಾರು. ಪದ್ಮಿನಿ ಎಂಬ ನಾಮಕರಣ ಹತ್ತು ವರ್ಷದ ಮೇಲೆ. 1089 ಸಿಸಿಯ ಇಂಜಿನ್, ಸುತ್ತ ಕೈಯಾಡಿಸಲು ಬೇಕಾದಷ್ಟು ಜಾಗ. ಈಗಿನ ಕಾರುಗಳ ಬಾನೆಟ್ ಎತ್ತಿದರೆ ಕಾಣುವುದು ಒಂದು ಪ್ಲಾಸ್ಟಿಕ್ ಮುಚ್ಚಳ.

ಮೊದಲ ಕಾಯಿಲೆಗೆ ಪತ್ತೇದಾರಿಕೆ ಬೇಕಿರಲಿಲ್ಲ. ಪ್ಲಗ್ ಬಿಚ್ಚಿದರೆ ಕಾಡಿಗೆ. ಹದವಾಗಿ ಉರಿಯುವ ಇಂಜಿನ್ನಿನ ಪ್ಲಗ್ಗಿಗೆ ಹಾಲು ಬೆರೆಸಿದ ಕಾಫಿಯ ಬಣ್ಣ. ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಸಾಲದು, ಕಪ್ಪಾಗಿದ್ದರೆ ಜಾಸ್ತಿ. ಒಂದು ಗ್ರಾಂ ಪೆಟ್ರೋಲಿಗೆ 14.7 ಗ್ರಾಂ ಗಾಳಿ ಎಂಬುದು ಲೆಕ್ಕದ ಹದ. ಅದನ್ನು ಕಾಯಲು ಕಾರ್ಬುರೇಟರಿನಲ್ಲಿರುವುದು ಸೊಂಟ ಸಣ್ಣಗಿರುವ ಒಂದು ಕೊಳವೆ. ಅಲ್ಲಿ ಗಾಳಿ ಓಟ ಕೀಳುತ್ತದೆ, ಒತ್ತಡ ಇಳಿಯುತ್ತದೆ, ಪಕ್ಕದ ಪುಟ್ಟ ತೊಟ್ಟಿಯ ಪೆಟ್ರೋಲ್ ತಾನಾಗಿ ಮೇಲೆದ್ದು ತುಂತುರಾಗುತ್ತದೆ. ತಿಗಣೆಗೆ ಹೊಡೆಯುತ್ತಿದ್ದ ಫ್ಲಿಟ್ ಪಂಪಿನ ಸಂಗತಿಯೂ ಇದೇ. ಇಟಲಿಯ ವೆಂಚುರಿ ಎಂಬ ಮೇಷ್ಟ್ರು ಇಂಥ ಕೊಳವೆಗಳಲ್ಲಿ ನೀರು ಹರಿಸಿ ನೋಡಿ ಬರೆದದ್ದು 1797ರಲ್ಲಿ. ಕಾರು ಹುಟ್ಟಲು ಇನ್ನೂ ಸುಮಾರು 90 ವರ್ಷವಿತ್ತು.

ಸೋಲೆಕ್ಸ್ ಕಾರ್ಬುರೇಟರ್ ಬಿಚ್ಚಿದೆ. ತಳದಲ್ಲಿ ಕಾಫಿ ಗಸಿಯಂಥ ಕೆಸರು, ಹಳೆಯ ಪೆಟ್ರೋಲಿನ ಹುಳಿಹುಳಿ ವಾರ್ನಿಶ್ ವಾಸನೆ. ‘ಇನ್ನು ಸಾಕು’ ಎನ್ನಬೇಕಾದ ನೀಡಲ್ ವಾಲ್ವ್ ಅಂಟಿಕೊಂಡು ಬಾಯಿ ಮುಚ್ಚುವುದನ್ನೇ ಮರೆತಿತ್ತು. ಪಿತ್ತಾಳೆ ಫ್ಲೋಟನ್ನು ಬಿಸಿನೀರಿನಲ್ಲಿ ಮುಳುಗಿಸಿದೆ; ಗುಳ್ಳೆ ಏಳಲಿಲ್ಲ, ಅಂದರೆ ಬಿರುಕಿಲ್ಲ. ಜೆಟ್ಟಿನ ತೂತಿಗೆ ತಂತಿ ಹಾಕಲು ಹೊರಟವನನ್ನು ಗ್ಯಾರೇಜಿನ ಮೇಸ್ತ್ರಿ ತಡೆದರು. “ತಂತಿ ಬೇಡ ಸಾರ್, ಪಿತ್ತಾಳೆ ಮೆತ್ತಗೆ. ತೂತು ದೊಡ್ಡದಾದ್ರೆ ಆಮೇಲೆ ಗಾಡಿ ಪೆಟ್ರೋಲ್ ಕುಡೀತಾನೇ ಇರುತ್ತೆ. ಊದಿ.” ಊದಿದೆ. ಸಂಜೆಯ ಕಾಫಿಗೂ ಪೆಟ್ರೋಲ್ ರುಚಿಯೇ ಇತ್ತು.

ಆಮೇಲೆ ಸ್ಲೋ ಸ್ಪೀಡ್ ಕೂರಿಸುವುದು. ಇಡೀ ಕೆಲಸದಲ್ಲಿ ನನಗೆ ಇಷ್ಟವಾದ ಭಾಗ ಇದು. ಮಿಕ್ಸ್ಚರ್ ಸ್ಕ್ರೂ ಒಳಕ್ಕೆ ತಿರುಗಿಸುತ್ತ ಹೋದರೆ ಇಂಜಿನ್ ತೊದಲುತ್ತದೆ. ಹೊರಕ್ಕೆ ತಂದರೆ ಮಾತು ಸ್ಪಷ್ಟವಾಗುತ್ತದೆ. ಇನ್ನೂ ಬಿಚ್ಚಿದರೆ ಕುಂಟುತ್ತದೆ. ನಡುವೆ ಕಾಲು ಸುತ್ತಿನಷ್ಟು ಜಾಗದಲ್ಲಿ ಶ್ರುತಿ ಕೂಡುತ್ತದೆ. ಐದು ನಿಮಿಷದ ಆ ಕೆಲಸಕ್ಕೆ ನಾನು ಒಂದು ಗಂಟೆ ತೆಗೆದುಕೊಂಡೆ, ಬೇಕೆಂದೇ.

ಭಾನುವಾರ ಮೈಸೂರಿನಿಂದ ನಂಜನಗೂಡಿಗೆ ಹೊರಟೆವು. ಕಡಕೊಳ ಬರುವಷ್ಟರಲ್ಲಿ ಗಾಡಿ ಮಿಸ್ಸಿಂಗ್ ಹೊಡೆದು ನಿಂತಿತು. ಹತ್ತು ನಿಮಿಷದ ಮೇಲೆ ಏನೂ ಆಗದಂತೆ ಸ್ಟಾರ್ಟ್ ಆಯಿತು. ಮುಂದಿನ ಭಾನುವಾರವೂ ಅದೇ ಕಡಕೊಳ, ಅದೇ ಹತ್ತು ನಿಮಿಷ.

ನನ್ನ ಅನುಮಾನ ವೇಪರ್ ಲಾಕ್ ಮೇಲೆ: ಬಿಸಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ದಾರಿ ಕಟ್ಟುವ ತೊಂದರೆ. ಹೇಳಿಕೊಳ್ಳಲೂ ಗತ್ತಿನ ಕಾಯಿಲೆ. ಹಳೆಯ ಫಿಯಟ್ ಡ್ರೈವರುಗಳಂತೆ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದೆ. ಡ್ಯಾಶ್‌ಬೋರ್ಡಿನ ಗೇಜು ಸತ್ತಿದ್ದರಿಂದ, ಕಾಯುವಾಗ ಟ್ಯಾಂಕಿನ ಮುಚ್ಚಳ ತೆಗೆದು, ಗಾಡಿ ಅಲುಗಿಸಿ, ಗುಳುಗುಳು ಸದ್ದಿನಿಂದ ಪೆಟ್ರೋಲ್ ಎಷ್ಟಿದೆ ಎಂದು ಅಂದಾಜು ಮಾಡುತ್ತಿದ್ದೆ. ಆಮೇಲೆ ಕೀಲಿ ತಿರುಗಿಸಿದರೆ ಇಂಜಿನ್ ಓಡುತ್ತಿತ್ತು. ಬಟ್ಟೆಗೆ ಜಯವಾಗಲಿ!

ಮೇಸ್ತ್ರಿ ಪಂಪ್ ನೋಡಿದರು. ಕಾರ್ಬುರೇಟರಿಗೆ ಬರುವ ಪೈಪನ್ನು ಬಾಟಲಿಗೆ ಬಿಟ್ಟು ಸೆಲ್ಫ್ ಹೊಡೆದರೆ ಪೆಟ್ರೋಲ್ ನಾಡಿ ಮಿಡಿದಂತೆ ಚಿಮ್ಮಿತು. ಡಯಾಫ್ರಮ್ ಚೆನ್ನಾಗಿದೆ. ಎಥನಾಲ್ ಬೆರೆತ ಈಗಿನ ಪೆಟ್ರೋಲಿಗೆ ಹಳೆಯ ರಬ್ಬರ್ ತಾಳದೆಂದು ಪೈಪುಗಳನ್ನೂ ಬದಲಾಯಿಸಿದರು. ಮೂರನೆಯ ಭಾನುವಾರ ಮತ್ತೆ ಕಡಕೊಳ.

ಬಟ್ಟೆ ಒದ್ದೆ ಮಾಡಲು ನೀರಿನ ಬಾಟಲಿ ಹುಡುಕುತ್ತಿದ್ದೆ. ರಸ್ತೆ ಬದಿ ಮರದ ಕೆಳಗೆ ಕೂತಿದ್ದ ನನ್ನ ಹೆಂಡತಿ ಕೇಳಿದಳು: “ರೀ, ಪ್ರತಿ ಸಲ ಆ ಮುಚ್ಚಳ ತೆಗೆದ ಮೇಲೆ ತಾನೆ ಗಾಡಿ ಸ್ಟಾರ್ಟ್ ಆಗೋದು?”

“ಅದಕ್ಕೂ ಇದಕ್ಕೂ ಏನು ಸಂಬಂಧ?”

“ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದ್ರೆ ಎಣ್ಣೆ ಸರಿಯಾಗಿ ಬರುತ್ತಾ? ಇದರ ಎರಡನೇ ತೂತು ಎಲ್ಲಿದೆ?”

ಲಾರಿಗಳ ಸಾಲು ಹೋಗಲಿ ಎಂದು ಕಾದು ಮುಚ್ಚಳ ತಿರುಗಿಸಿದೆ. ‘ಸುಯ್’ ಎಂದು ಟ್ಯಾಂಕು ಉಸಿರೆಳೆದುಕೊಂಡಿತು. ಹೆದ್ದಾರಿಯ ಗದ್ದಲದಲ್ಲಿ ಎರಡು ವಾರ ನನಗೆ ಕೇಳಿಸದಿದ್ದ ಸದ್ದು. ಹಿಂದಿನ ಮಾಲೀಕರು ಕಳ್ಳರ ಭಯಕ್ಕೆ ಎಲ್ಲಿಂದಲೋ ತಂದು ಹಾಕಿದ್ದ ಬೀಗದ ಮುಚ್ಚಳ ಅದು. ಗಾಳಿ ಒಳಹೋಗಲು ಸೂಜಿಮೊನೆಯಷ್ಟೂ ದಾರಿಯಿಲ್ಲ. ಪೆಟ್ರೋಲ್ ಖಾಲಿಯಾದಂತೆಲ್ಲ ಒಳಗೆ ನಿರ್ವಾತ. ಪಂಪು ಎಳೆಯುವುದು, ಟ್ಯಾಂಕು ಬಿಡದಿರುವುದು. ಹದಿಮೂರು ಕಿಲೋಮೀಟರಿಗೆ ಪಂಪು ಸೋಲುತ್ತಿತ್ತು. ಪಾಪ, ಕಾರ್ಬುರೇಟರನ್ನು ಅಷ್ಟರಲ್ಲಿ ಮೂರು ಸಲ ಬಿಚ್ಚಿದ್ದೆ.

ಮೇಸ್ತ್ರಿ ಮುಚ್ಚಳಕ್ಕೆ ಒಂದು ಮಿಲಿಮೀಟರಿನ ತೂತು ಕೊರೆದುಕೊಟ್ಟರು. ದುಡ್ಡು ಕೇಳಲಿಲ್ಲ, ನಕ್ಕರು.

ನಾಲ್ಕನೆಯ ಭಾನುವಾರ ಹೊರಡುವ ಮುಂಚೆ ಒದ್ದೆ ಬಟ್ಟೆಯೊಂದನ್ನು ಸೀಟಿನಡಿ ಸೇರಿಸುತ್ತಿದ್ದೆ. ಅವಳು ನೋಡಿಬಿಟ್ಟಳು.

“ಇದ್ಯಾಕೆ?”

“ಅಕಸ್ಮಾತ್ ವೇಪರ್ ಲಾಕ್ ಆದ್ರೆ...”

ಅವಳು ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳು. ಕಡಕೊಳ ದಾಟಿತು.