ನೆಲಮಾಳಿಗೆಯ ಫಿಲೋಮಿನಾ

ಕುರ್ಡಿಯಿಂದ ಮಾನ್ವಿಗೆ ಕೆಲಸದ ಮೇಲೆ ಹೋದ ನಮ್ಮ ಮನೆಯ ಹಿರಿಯರು ಜಗನ್ನಾಥದಾಸರ ಕಂಬಕ್ಕೆ ಕೈಮುಗಿಯದೆ ಬಸ್ಸು ಹತ್ತಿದವರಲ್ಲ. 1809ರಲ್ಲಿ ದೇಹ ಬಿಟ್ಟ ದಾಸರು ಆ ಕಂಬದಲ್ಲೇ ಇದ್ದಾರೆ ಎಂಬುದು ಭಕ್ತರ ನಂಬಿಕೆ. ಓದು ಬಲ್ಲವರಿಗೆ ಅವರು ಹರಿಕಥಾಮೃತಸಾರದಲ್ಲೂ ಸಿಗುತ್ತಾರೆ. ನಮ್ಮ ಚಿಗವ್ವನಂಥವರಿಗೆ ಮಾತ್ರ ಕಂಬವೇ ಬೇಕು. ಎದುರಿಗೆ ನಿಂತು ಮಗಳ ಮದುವೆ, ಬೆಳೆಯ ಚಿಂತೆ ಎಲ್ಲ ಹೇಳಿಕೊಳ್ಳಲು ಕಣ್ಣಿಗೆ ಕಾಣುವ ಏನಾದರೊಂದು ಇರಬೇಕು.

ಆ ಚಿಗವ್ವನನ್ನು ಮೈಸೂರಿಗೆ ಕರೆದುಕೊಂಡು ಹೋದಾಗ ಅರಮನೆ, ಚಾಮುಂಡಿ ಬೆಟ್ಟ ಮುಗಿಸಿ ಸಂತ ಫಿಲೋಮಿನಾ ಚರ್ಚಿಗೆ ಹೋದೆವು. ನೋಡಲು ಬಂದವರೆಲ್ಲ 175 ಅಡಿಯ ಜೋಡಿ ಗೋಪುರದ ಫೋಟೊ ತೆಗೆಯುವುದರಲ್ಲೇ ಇರುತ್ತಾರೆ. ನನಗೆ ತೋರಿಸಬೇಕಾಗಿದ್ದದ್ದು ನೆಲದಡಿಯಲ್ಲಿತ್ತು. ಮೆಟ್ಟಿಲಿಳಿದು ಹೋದರೆ ಬಲಿಪೀಠದ ಕೆಳಗೊಂದು ನೆಲಮಾಳಿಗೆ. ದಾರಿ ಕಿರಿದು, ಎದುರಿಗೆ ಬಂದವರಿಗೆ ಮೈ ವಾರೆ ಮಾಡಿ ಜಾಗ ಕೊಡಬೇಕು. ಗೋಡೆಗಳಲ್ಲಿ ಹೆಸರು ಕೆತ್ತಿಸಿದ ಕಲ್ಲಿನ ಫಲಕಗಳು. ಒಳಗೆ ಮಲಗಿದ ಭಂಗಿಯಲ್ಲಿ ಫಿಲೋಮಿನಾಳ ಪ್ರತಿಮೆ. ಅವಳ ಅವಶೇಷದ ಒಂದು ತುಣುಕು ಈ ಚರ್ಚಿನಲ್ಲಿದೆ ಎಂದೊಡನೆ ಚಿಗವ್ವ ಸೆರಗು ತಲೆಯ ಮೇಲೆ ಎಳೆದುಕೊಂಡಳು.

"ಯಾರಪಾ ಈ ಹುಡುಗಿ?"

ಕತೆ ದೊಡ್ಡದು. 1802ರ ಮೇ ತಿಂಗಳಲ್ಲಿ ರೋಮಿನ ಪ್ರಿಸಿಲ್ಲಾ ನೆಲಗೋರಿಗಳಲ್ಲಿ ಒಂದು ಗೋರಿ ತೆರೆದರು. ಮುಚ್ಚಿದ್ದ ಹಂಚಿನ ಮೇಲೆ ಹೆಸರಿನ ಅಕ್ಷರಗಳಿದ್ದವು, ಒಳಗೆ ಹನ್ನೆರಡು ಹದಿಮೂರು ವರ್ಷದ ಹುಡುಗಿಯ ಎಲುಬುಗಳು. ಜೊತೆಗಿದ್ದ ಗಾಜಿನ ಕುಪ್ಪಿಯಲ್ಲಿದ್ದದ್ದು ರಕ್ತವೆಂದೇ ತಿಳಿದು, ಧರ್ಮಕ್ಕಾಗಿ ಪ್ರಾಣ ಕೊಟ್ಟವಳೆಂದು ಅವಳನ್ನು ಗೌರವಿಸಿದರು. 1805ರಲ್ಲಿ ಎಲುಬುಗಳು ನೇಪಲ್ಸ್ ಹತ್ತಿರದ ಮುನ್ಯಾನೊ ಊರಿಗೆ ಹೋದವು. ಅಲ್ಲಿಂದ ಅವಳ ಹೆಸರು ಯುರೋಪಿನ ತುಂಬ ಹಬ್ಬಿತು.

ಅವಳ ಅವಶೇಷ ಮೈಸೂರಿಗೆ ಬಂದದ್ದು 1926ರಲ್ಲಿ. ಮಹಾರಾಜರ ಹುಜೂರ್ ಕಾರ್ಯದರ್ಶಿಯಾಗಿದ್ದ ತಂಬೂಚೆಟ್ಟಿಯವರು ಪೋಪರ ಪ್ರತಿನಿಧಿಯಾಗಿದ್ದ ಪೀಟರ್ ಪಿಸಾನಿಯವರಿಂದ ಅದನ್ನು ಪಡೆದು ಫಾದರ್ ಕೋಷೆಯವರಿಗೆ ಒಪ್ಪಿಸಿದರು. ಆಗ ಈ ಜಾಗದಲ್ಲಿ ಮುಮ್ಮಡಿ ಕೃಷ್ಣರಾಜರ ಕಾಲದ, 1843ರ ಚರ್ಚಿತ್ತು. ಈಗಿನದಕ್ಕೆ 1933ರಲ್ಲಿ ಅಡಿಗಲ್ಲು ಹಾಕಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಚಾಮುಂಡಿಯ ಒಕ್ಕಲಾದ ಅರಸರು ಎರಡು ತಲೆಮಾರು ಬಿಟ್ಟೂ ಅದೇ ಜಾಗಕ್ಕೆ ಒತ್ತಾಸೆಯಾಗಿ ನಿಂತದ್ದು ನನಗೆ ಗೋಪುರಕ್ಕಿಂತ ಎತ್ತರವಾಗಿ ಕಾಣುತ್ತದೆ.

ಚಿಗವ್ವ ಇಷ್ಟೆಲ್ಲ ಕೇಳಿ, "ಇಷ್ಟ ಸಣ್ಣ ಎಲುಬಿಗಿ ಇಷ್ಟ ದೊಡ್ಡ ಗುಡಿ ಕಟ್ಯಾರೇನು?" ಅಂದಳು.

ಕಟ್ಟುವುದೇ ಹಾಗೆ. ವಿಜಯಪುರದ ಅಸಾರ್ ಮಹಲ್ ಅಷ್ಟು ದೊಡ್ಡ ಕಟ್ಟಡ. ಅದು ಕಾಯುವುದು ಪೈಗಂಬರರ ಗಡ್ಡದ ಕೂದಲೆಳೆಗಳನ್ನು. ನಮ್ಮ ಮಸ್ಕಿಯ ಬಂಡೆಯ ಮೇಲೆ ಹೆಸರು ಬರೆಸಿದ ಅಶೋಕ ಬುದ್ಧನ ಅಸ್ಥಿಗಳನ್ನು ಹಂಚಿ ಸಾವಿರಾರು ಸ್ತೂಪ ಕಟ್ಟಿಸಿದನೆಂದು ಬೌದ್ಧರು ಹೇಳುತ್ತಾರೆ. ಪ್ರೀತಿಸಿದವರದು ಎಂದು ಕೈಯಲ್ಲಿ ಉಳಿದದ್ದು ಚೂರೇ ಆದಾಗ, ಅದು ಕಳೆದುಹೋಗದಂತೆ ಸುತ್ತ ದೊಡ್ಡ ಮನೆ ಕಟ್ಟುತ್ತಾರೆ.

1961ರಲ್ಲಿ ರೋಮ್ ಫಿಲೋಮಿನಾಳ ಹಬ್ಬವನ್ನು ತನ್ನ ಪಂಚಾಂಗದಿಂದ ತೆಗೆಯಿತು. ಗೋರಿಯೊಂದನ್ನು ಬಿಟ್ಟರೆ ಅವಳ ಬಾಳಿನ ಬಗ್ಗೆ ಇತಿಹಾಸದ ಆಧಾರವಿರಲಿಲ್ಲ. ಹೀಗೆ ಹಿಂದೆ ಸರಿಯಲು ಧೈರ್ಯ ಬೇಕು, ಅದನ್ನು ನಾನು ಮೆಚ್ಚುತ್ತೇನೆ. ಮೆಟ್ಟಿಲಿಳಿಯುವವರನ್ನು ಯಾರೂ ತಡೆಯಲಿಲ್ಲ, ಅದನ್ನೂ ಮೆಚ್ಚುತ್ತೇನೆ. ಹೆಸರಿನ ಅಕ್ಷರ ಬಿಟ್ಟರೆ ಏನೂ ಉಳಿಸದೆ ಹೋದ ಹುಡುಗಿಯ ಮುಂದೆ ಹೆಸರಿಲ್ಲದ ಎಷ್ಟು ಹೆಂಗಸರು ತಮ್ಮ ದುಃಖ ಹೇಳಿಕೊಂಡಿರಬೇಕು!

ಮೈಸೂರು ದೂರವಾಯಿತು ಎನ್ನುವ ನಮ್ಮ ಕಡೆಯವರು ಮೊಹರಂ ನೋಡಲು ಮುದಗಲ್ಲಿಗೆ ಹೋಗುತ್ತಾರಲ್ಲ, ಆಗ ಅಲ್ಲಿಯ ಕ್ಯಾಥೊಲಿಕ್ ಚರ್ಚನ್ನೂ ನೋಡಿ ಬರಲಿ. ಜೆಸುಯಿಟ್ ಪಾದ್ರಿಗಳು 1557ಕ್ಕೂ ಮೊದಲೇ ಕಟ್ಟಿದ್ದು ಎನ್ನುತ್ತಾರೆ. ಅಂದರೆ ಮೈಸೂರಿನ ಗೋಪುರಗಳಿಗಿಂತ ಮುನ್ನೂರೆಪ್ಪತ್ತು ವರ್ಷ ಹಿರಿದು. ಚಿಗವ್ವ ಮೊಣಕಾಲು ನೋವಿನಲ್ಲೂ ಬರುತ್ತೇನೆ ಅಂದಿದ್ದಾಳೆ. ಅಲ್ಲಿ ಮೆಟ್ಟಿಲೆಷ್ಟಿವೆ ಎಂದು ಮಾತ್ರ ಮೊದಲೇ ವಿಚಾರಿಸಿಕೊಳ್ಳಬೇಕು.